ಪರಮೇಶಪ್ಪನ ಗೋವಾ ಗಾಡಿ

ಪರಮೇಶಪ್ಪನಿಗೆ ಕಾರು ಸಿಕ್ಕಿದ್ದು ಹೆಂಡತಿಯ ತಮ್ಮನಿಂದ. ಕಾರಿನ ಬೆನ್ನಿಗೆ ಗೋವಾದ ನಂಬರೂ ಬಂತು. ಮಡಗಾಂವದಲ್ಲಿ ಗುತ್ತಿಗೆ ಕೆಲಸ ಮಾಡುವ ಶರಣು ಹೊಸ ದೊಡ್ಡ ಗಾಡಿ ಕೊಂಡಾಗ ಹಳೆಯದನ್ನು ಸವಣೂರಿಗೆ ತಂದು ಅಕ್ಕನ ಮನೆಯ ಮುಂದೆ ನಿಲ್ಲಿಸಿ, "ಮಾಮಾ, ವರ್ಷದೊಳಗ ಇಲ್ಲಿ ನಂಬರ್ ಮಾಡಿಸ್ಕೊರಿ. ಆಮ್ಯಾಲ ಹಿಡದ್ರ ನಾ ಜವಾಬ್ದಾರ ಅಲ್ಲ" ಎಂದು ಹೇಳಿ ಬಸ್ಸು ಹತ್ತಿದ್ದ.

ಪರಮೇಶಪ್ಪ ವೀಳ್ಯದೆಲೆ ವ್ಯಾಪಾರಿ. ಎಲೆ ಬಾಡುವುದರೊಳಗೆ ಮಾರಬೇಕೆಂಬ ಅವಸರ ಒಂದನ್ನು ಬಿಟ್ಟರೆ ಜೀವನದಲ್ಲಿ ಬೇರೆ ಯಾವುದಕ್ಕೂ ಅವಸರ ಮಾಡಿದವನಲ್ಲ. ನಾಳೆ ಮಾಡಿಸಿದರಾಯಿತು, ದೀಪಾವಳಿ ಮುಗಿಯಲಿ, ಯುಗಾದಿ ಬರಲಿ ಎನ್ನುತ್ತ ವರ್ಷ ಮುಗಿದದ್ದೇ ಅವನ ಲಕ್ಷ್ಯಕ್ಕೆ ಬರಲಿಲ್ಲ.

ಹಾಗಂತ ಕಾರಿನ ಮೇಲೆ ಪ್ರೀತಿಯಿಲ್ಲವೆಂದಲ್ಲ. ಅರ್ಧ ಆಯುಷ್ಯ ಮೊಪೆಡ್ಡಿಗೆ ಹಿಂದೆ ಮುಂದೆ ಎಲೆಯ ಪೆಂಡಿ ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತಿರುಗಿದ ಮನುಷ್ಯ. ಈಗ ಹೆಂಡತಿ ಸರೋಜವ್ವನನ್ನು ಪಕ್ಕಕ್ಕೆ ಕೂಡಿಸಿಕೊಂಡು ಶಿಗ್ಗಾಂವಿಗೋ ಹಾನಗಲ್ಲಿಗೋ ಹೊರಟು, ಗಾಜು ಇಳಿಸಿ ಮೊಣಕೈ ಹೊರಗಿಟ್ಟರೆ ಇಡೀ ತಾಲೂಕು ತನ್ನನ್ನೇ ನೋಡುತ್ತಿದೆ ಎನಿಸುತ್ತಿತ್ತು. ಆ ಕಾರು ಹೋದರೆ ಕಾರಷ್ಟೇ ಹೋಗುತ್ತಿರಲಿಲ್ಲ, ಭಾವಮೈದುನನ ಮುಂದೆ ಮಾನವೂ ಹೋಗುತ್ತಿತ್ತು. ಅದಾದ ಮೇಲೆ ಸರೋಜವ್ವನ ಬಾಯಿಗೆ ಸಿಕ್ಕು ಬದುಕುವುದಂತೂ ಆಗದ ಮಾತು.

ಆ ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಇಜಾಜ ಏದುಸಿರು ಬಿಡುತ್ತ ಬಂದ. ಪೇಟೆಯಲ್ಲಿ ಖಾರದ ಅಂಗಡಿ ಇಟ್ಟವನು. ಅವನ ಬಾಣಲೆಯಲ್ಲಿ ಖಾರಕ್ಕಿಂತ ಹೆಚ್ಚಾಗಿ ಊರಿನ ಸುದ್ದಿ ಬೇಯುತ್ತಿತ್ತು.

"ಕಾಕಾ, ಮುಗೀತ್ರಿ ನಿಮ್ಮ ಕಥಿ! ಹಾವೇರಿಗೆ ಹೊಸಾ ಆರ್‌ಟಿಓ ಸಾಹೇಬ ಬಂದಾನ. ಮೊನ್ನಿ ಸಂಜಿಮುಂದ ಬುಲೆಟ್ ಮ್ಯಾಲ ನಮ್ಮ ಓಣಿ ಓಣಿ ತಿರುಗ್ಯಾನ. ಒಂದೊಂದು ಮನಿ ಮುಂದ ನಿಂದ್ರೂದು, ಮ್ಯಾಲ ಕೆಳಗ ನೋಡೂದು, ಮುಂದ ಹೋಗೂದು."

"ಮನಿ ಯಾಕ ನೋಡ್ತಾನೋ ತಮ್ಮಾ ಅಂವಾ?"

"ಮನಿ ಅಲ್ರಿ, ಮನಿ ಮುಂದಿನ ಗಾಡಿ! ಹೊರಗಿನ ನಂಬರ್ ಕಂಡ್ರ ಎತ್ತಿಕೊಂಡು ಹೋಗ್ತಾನಂತ. ಅವನ್ನ ನೋಡಿ ಓಣಿ ಮಂದಿ ಎಲ್ಲಾ ಬಾಗಲಾ ಹಾಕ್ಕೊಂಡ್ರು. ನೀವು ಅವತ್ತ ಗಾಡಿ ತಗೊಂಡು ಹಾನಗಲ್ಲಿಗೆ ಹೋಗಿದ್ರಿ, ಉಳಕೊಂಡ್ರಿ."

ಪರಮೇಶಪ್ಪನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಹತ್ತಿಮತ್ತೂರಿನಲ್ಲಿರುವ ಅಕ್ಕನ ಮನೆಯ ದನದ ಕೊಟ್ಟಿಗೆಯಲ್ಲಿ ಕಾರನ್ನು ಬಚ್ಚಿಟ್ಟು, ಮೇಲೆ ಮೇವು ಒಟ್ಟಿಬಿಡುವುದೆಂದು ಇಬ್ಬರೂ ನಿಶ್ಚಯಿಸಿದರು. ಆದರೆ ದಾರಿಯಲ್ಲೇ ಹಿಡಿದರೆ? ಅದಕ್ಕೂ ಇಜಾಜನಲ್ಲಿ ಉಪಾಯವಿತ್ತು.

"ಗೋವಾ ಗಾಡಿಯೊಳಗ ಗೋವಾದ ಮನುಷ್ಯಾ ಕುಂತ್ರ ಯಾವ ಕಾಯ್ದೆನೂ ಏನೂ ಮಾಡಾಂಗಿಲ್ರಿ. ಸವಣೂರ ಮನುಷ್ಯಾ ಕುಂತ್ರನ ಬಂತು ಪಂಚಾಯತಿ. ನೀವು ನಿನ್ನೆರ ಗೋವಾದಿಂದ ಬಂದವರ ಹಂಗ ಕಾಣ್ರಿ, ಸಾಕು."

ಶರಣು ಬಿಟ್ಟುಹೋಗಿದ್ದ ತೆಂಗಿನ ಮರಗಳ ಚಿತ್ರದ ಅಂಗಿ, ಮೊಣಕಾಲು ಮುಟ್ಟದ ಚಡ್ಡಿ, ಅಗಲ ಟೊಪ್ಪಿಗೆಗಳನ್ನು ಸರೋಜವ್ವನೇ ಟ್ರಂಕಿನಿಂದ ತೆಗೆದುಕೊಟ್ಟಳು. ಧೋತರ ಬಿಟ್ಟು ಬೇರೆ ಉಟ್ಟು ಗೊತ್ತಿಲ್ಲದ ಪರಮೇಶಪ್ಪ ಅವನ್ನು ಹಾಕಿಕೊಂಡು ಹೊರಗೆ ಬಂದಾಗ ಅಂಗಳದಲ್ಲಿ ಮೇಯುತ್ತಿದ್ದ ಕೋಳಿಗಳು ಒಮ್ಮೆಲೇ ದಿಕ್ಕಾಪಾಲಾದವು. ಸರೋಜವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

"ಕೊಂಕಣಿ ಬರತೈತೇನ್ರಿ ಕಾಕಾ?" ಎಂದು ಕಾರು ಹತ್ತುತ್ತ ಇಜಾಜ ಕೇಳಿದ.

ಬರುತ್ತಿತ್ತು, ಎರಡು ತುಣುಕು. ಒಂದು 'ಬರೆಂ ಆಸಾ', ಅಂದರೆ ಚೆನ್ನಾಗಿದೆ. ಇನ್ನೊಂದು 'ನುಸ್ತೆಂ', ಅಂದರೆ ಮೀನು. ಲಿಂಗ ಕಟ್ಟಿದ ಪರಮೇಶಪ್ಪ ಮಡಗಾಂವದ ಹೋಟೆಲುಗಳಲ್ಲಿ ತಟ್ಟೆ ಮುಟ್ಟುವ ಮೊದಲು ಕೇಳಿ ತಿಳಿದುಕೊಳ್ಳಲೆಂದು ಆ ಶಬ್ದವನ್ನು ಬಾಯಿಪಾಠ ಮಾಡಿದ್ದ.

ಊರು ದಾಟಿ ತುಸು ದೂರ ಹೋಗಿದ್ದರೋ ಇಲ್ಲವೋ, ಬೇವಿನ ಮರದ ಕೆಳಗಿನ ಚಹಾದಂಗಡಿಯ ಮುಂದೆ ಬುಲೆಟ್ ನಿಂತಿತ್ತು. ಅದರ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ದಪ್ಪ ಮೀಸೆಯವನು ಕಾರಿನ ನಂಬರು ನೋಡಿದ್ದೇ ಕಪ್ಪು ಕೆಳಗಿಟ್ಟು ರಸ್ತೆಯ ನಡುವೆ ಬಂದು ಎರಡೂ ಕೈ ಎತ್ತಿದ.

"ಇಂವನ ರೀ ಸಾಹೇಬ! ಮಫ್ತಿಯೊಳಗ ಅದಾನ. ಭಾಳ ಧೋಕಾ" ಎಂದು ಇಜಾಜ ಪಿಸುಗುಟ್ಟಿದ.

ಪರಮೇಶಪ್ಪ ಬ್ರೇಕಿನ ಮೇಲೆ ಎರಡೂ ಕಾಲಿಟ್ಟ. ಸಾಹೇಬ ಕಿಟಕಿಗೆ ಬಗ್ಗಿ, ಮುಖವೆಲ್ಲ ನಗುವಾಗಿ, ನೀವು ಎಲ್ಲಿಯವರೆಂದು ಕೊಂಕಣಿಯಲ್ಲಿ ಕೇಳಿದ: "ತುಮಿ ಖಂಯ್ಚೆ?"

ಕಾರವಾರದ ಗಾಂವಕರ ಸಾಹೇಬ ಅವರು. ಬಯಲುಸೀಮೆಗೆ ವರ್ಗವಾಗಿ ಬಂದ ಮೇಲೆ ಮನೆಮಾತನ್ನು ಫೋನಿನಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಗೋವಾದ ನಂಬರು ಕಂಡದ್ದೇ ಅವರಿಗೆ ಅರ್ಧ ಊರು ಕಂಡಂತಾಗಿತ್ತು. ಪರಮೇಶಪ್ಪ ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ "ಬರೆಂ ಆಸಾ" ಎಂದ. ಸಾಹೇಬರು ಇನ್ನೂ ಉದ್ದಕ್ಕೆ ಏನೋ ಕೇಳಿದರು. ಪರಮೇಶಪ್ಪ ಇಜಾಜನ ಮುಖ ನೋಡಿದ.

"ಸಾಹೇಬ್ರ, ಇವರ ಗಂಟಲಾ ಕಟ್ಟೈತ್ರಿ. ಮಾತಾಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ" ಎಂದ ಇಜಾಜ. "ನಿನ್ನೆರ ಬಂದಾರ, ನಮ್ಮ ಕಡೆ ನೋಡಾಕ."

"ಅಯ್ಯೋ ಪಾಪ! ನಮ್ಮ ಕಡೆಯವರಿಗೆ ಇಲ್ಲಿಯ ಧೂಳು ಆಗಿಬರುವುದಿಲ್ಲ" ಎಂದು ಸಾಹೇಬರು ಮರುಗಿದರು. "ಬನ್ನಿ, ಮೊದಲು ಊಟ ಆಗಲಿ. ಶಿಗ್ಗಾಂವಿಯಲ್ಲಿ ಒಬ್ಬ ಬಂಗಡೆ ಮೀನು ಚೆನ್ನಾಗಿ ಹುರಿಯುತ್ತಾನಂತೆ. ಒಬ್ಬನೇ ಹೋಗಲು ಮನಸ್ಸಿರಲಿಲ್ಲ."

ಪರಮೇಶಪ್ಪನಿಗೆ ಕೆಳಗಿನ ಭೂಮಿ ಬಾಯಿಬಿಟ್ಟಂತಾಯಿತು. ಗಂಟಲು ಕಟ್ಟಿದ್ದನ್ನೂ ಮರೆತು, "ನುಸ್ತೆಂ... ಇವತ್ತು ಸೋಮವಾರ..." ಎಂದು ತೊದಲಿದ.

ಸಾಹೇಬರು ತಟ್ಟನೆ ಕೆನ್ನೆ ಬಡಿದುಕೊಂಡರು. "ತಪ್ಪಾಯಿತು! ಸೋಮವಾರ ನಾವು ಯಾರು ಮೀನು ಮುಟ್ಟುತ್ತೇವೆ? ಊರು ಬಿಟ್ಟ ಮೇಲೆ ವಾರವೂ ಮರೆತುಹೋಯಿತು ನೋಡಿ. ಅಪ್ಪಟ ಗೋವಾದ ಮನೆತನ ನಿಮ್ಮದು."

ಅಲ್ಲಿಗೆ ಬಿಡುತ್ತಾರೆಂದುಕೊಂಡರೆ ಬಿಡಲಿಲ್ಲ. ಬುಲೆಟ್ಟನ್ನು ಚಹಾದಂಗಡಿಯಲ್ಲೇ ಬಿಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ತಾವು ಮೊನ್ನೆ ಮಠದಲ್ಲಿ ನೋಡಿದ ದೊಡ್ಡ ಹುಣಸೆಮರವನ್ನು, ಹತ್ತು ಜನ ತಬ್ಬಿದರೂ ತೆಕ್ಕೆಗೆ ಸಿಗದ ಆ ವಿದೇಶಿ ಮರವನ್ನು, ಗೋವಾದ ಅತಿಥಿಗೆ ತೋರಿಸದೆ ಕಳಿಸುವುದಿಲ್ಲವೆಂದು ಹಟ ಹಿಡಿದರು. ಕಾರು ತಿರುಗಿ ಸವಣೂರಿಗೇ ಬಂತು. ಪರಮೇಶಪ್ಪ ಹುಟ್ಟಿ ಬೆಳೆದ ಊರಿನಲ್ಲಿ ಸಾಹೇಬರು ಅವನಿಗೆ ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಎಂದು ದಾರಿ ತೋರಿಸುತ್ತಿದ್ದರು. ಎಲೆ ಪೇಟೆಯ ಮಂದಿ ಬಾಯಿ ತೆರೆದು ನೋಡುತ್ತಿದ್ದರು. ಪರಮೇಶಪ್ಪ ಟೊಪ್ಪಿಗೆಯನ್ನು ಮೂಗಿನ ತನಕ ಎಳೆದುಕೊಂಡ.

ಮಠದ ಬಾಗಿಲಲ್ಲಿ ಟೊಪ್ಪಿಗೆ ತೆಗೆಯಲೇಬೇಕಾಯಿತು. ಹಣೆಯ ಮೇಲೆ ಬೆಳಿಗ್ಗೆ ಧರಿಸಿದ ಮೂರು ಬೆರಳಿನ ವಿಭೂತಿ ಹಾಗೆಯೇ ಇತ್ತು. "ಓಹೋ, ಗೋವಾದ ಮಂಗೇಶಿ ಶಿವನ ಭಕ್ತರು!" ಎಂದು ಸಾಹೇಬರೇ ಅದಕ್ಕೂ ಅರ್ಥ ಹಚ್ಚಿದರು. ಅಷ್ಟರಲ್ಲಿ ಸೋಮವಾರದ ದರ್ಶನ ಮುಗಿಸಿಕೊಂಡು ಎದುರುಮನೆಯ ಮಹಾದೇವಕ್ಕ ಹೊರಗೆ ಬಂದಳು. ನಿಂತಲ್ಲೇ ನಿಂತು ಚಡ್ಡಿಯಿಂದ ವಿಭೂತಿಯ ತನಕ ಒಮ್ಮೆ ನೋಡಿದಳು.

"ಎಪ್ಪಾ ಪರಮೇಶಪ್ಪಾ! ಏನೋ ಇದು ನಿನ್ನ ಅವತಾರ?"

"ಅಕ್ಕಾ, ಇವರು ಗೋವಾದವರು" ಎಂದು ಇಜಾಜ ನಡುವೆ ಬಂದು ಕಣ್ಣು ಹೊಡೆದ. "ನಮ್ಮ ಪರಮೇಶಪ್ಪ ಕಾಕಾನ ಹಂಗ ಕಾಣ್ತಾರ ಅಷ್ಟ."

ಮಹಾದೇವಕ್ಕ ನಂಬಿದಳೋ ಇಲ್ಲವೋ ಆ ಮರದ ಕೆಳಗಿನ ದೇವರಿಗೇ ಗೊತ್ತು. ಸಿಕ್ಕ ಸಂಧಿಯನ್ನು ಮಾತ್ರ ಕಳೆದುಕೊಳ್ಳಲಿಲ್ಲ.

"ಹೌದಾ? ಹೌದು ಬಿಡು, ಇವರ ಮುಖದಾಗ ಒಂದು ಕಳೆ ಐತಿ. ಅಂವಗ ಎಲ್ಲಿಂದ ಬರಬೇಕು? ಅಂವಾ ಮಹಾ ಜೀನ, ಸಾಹೇಬ್ರ. ಓಣಿಯೊಳಗ ಲಗ್ನ ಆದ್ರ ಬಾಡಿದ ಎಲಿ ಆಹೇರಿ ಕೊಡ್ತಾನ. ಒಂದು ದಿನಾ ನನಗ ಆ ಕಾರಿನಾಗ ಕುಂದ್ರು ಅಂದವನಲ್ಲ, ಕೈ ಹೊರಗ ಹಾಕ್ಕೊಂಡು ಒಬ್ಬನ ಮೆರಿತಾನ."

ಪರಮೇಶಪ್ಪನ ಮುಖ ಎಲೆ ಅಡಿಕೆಯ ರಸಕ್ಕಿಂತ ಕೆಂಪಾಯಿತು. ಗಂಟಲು ಕಟ್ಟಿದ ಗೋವಾದವನು ಏನು ತಾನೆ ಹೇಳಿಯಾನು? ಮರವನ್ನು ನೋಡುತ್ತ ನಿಂತ.

"ನೋಡಿ, ಕಣ್ಣು ತುಂಬ ನೋಡಿ, ಇಂಥ ಮರ ಗೋವಾದಲ್ಲಿ ಇಲ್ಲ" ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಆಮೇಲೆ ಮಹಾದೇವಕ್ಕನ ಕಡೆ ತಿರುಗಿ, "ಅಮ್ಮಾ, ಈ ಊರಿನಲ್ಲಿ ಒಂದು ಬಾಡಿಗೆ ಮನೆ ಸಿಕ್ಕೀತೇ? ನನ್ನ ಹೆಂಡತಿಗೆ ಇಲ್ಲಿಯ ಬ್ಯಾಂಕಿಗೆ ವರ್ಗವಾಗಿದೆ. ಮೊನ್ನೆ ಓಣಿ ಓಣಿ ಸುತ್ತಿದೆ. ಮನೆ ಖಾಲಿ ಇದೆಯೇ ಎಂದು ಕೇಳೋಣವೆಂದರೆ ನನ್ನನ್ನು ಕಂಡದ್ದೇ ಎಲ್ಲರೂ ಬಾಗಿಲು ಹಾಕಿಕೊಂಡರು. ಇವತ್ತು ರಜೆ ಹಾಕಿ ಅದಕ್ಕಾಗಿಯೇ ಬಂದೆ" ಎಂದರು.

ಪರಮೇಶಪ್ಪ ಇಜಾಜನನ್ನು ನೋಡಿದ. ಇಜಾಜ ತಾನೂ ಮರ ನೋಡತೊಡಗಿದ. ಗಾಡಿ ಹಿಡಿಯುವ ಮಾತೇ ಇರಲಿಲ್ಲ. ಕಾರನ್ನು ಮನೆಯ ಮುಂದೆ ಬಿಟ್ಟು, ಧೋತರ ಉಟ್ಟು, ಕಟ್ಟೆಯ ಮೇಲೆ ಎಲೆ ಎಣಿಸುತ್ತ ಕೂತಿದ್ದರೆ ಮುಗಿದುಹೋಗುತ್ತಿತ್ತು.

"ಮನಿ ಯಾಕಿಲ್ರಿ?" ಎಂದಳು ಮಹಾದೇವಕ್ಕ. "ಅದ ಪರಮೇಶಪ್ಪನ ಮಾಳಿಗಿ ಮನಿ ಖಾಲಿ ಬಿದ್ದೈತಿ. ಹೆಂಡತಿ ಬಾಡಿಗಿ ಕೊಡೂಣು ಅಂತಾಳ, ಇಂವಾ ಎಲಿ ಬುಟ್ಟಿ ಒಟ್ಟಿ ಇಟ್ಟಾನ. ಬರ್ರಿ, ಈಗ ಅಂವಾ ಊರಾಗ ಇಲ್ಲಂದ್ರ ಕೆಲಸ ಆದಂಗನ." ಅಷ್ಟಂದು ಕಾರಿನ ಮುಂದಿನ ಬಾಗಿಲು ತೆಗೆದು ತಾನೇ ಕೂತಳು. ಇಜಾಜ ಹಿಂದಿನ ಸೀಟಿಗೆ ಸರಿದ.

ಪರಮೇಶಪ್ಪ ತನ್ನ ಮನೆಗೆ ಅತಿಥಿಯಾಗಿ ಬಂದಿಳಿದ. ಸರೋಜವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಕೊಂಡಳು. ಗಂಡ ಕಣ್ಣಲ್ಲಿ, ಹುಬ್ಬಿನಲ್ಲಿ, ಕೊನೆಗೆ ಟೊಪ್ಪಿಗೆಯಲ್ಲಿ ಬೇಡ ಬೇಡವೆಂದು ಸನ್ನೆ ಮಾಡಿದ. ಅವಳು ಅವನ ಕಡೆ ಒಮ್ಮೆಯೂ ತಿರುಗಲಿಲ್ಲ.

"ಮನಿಯವರು ಊರಾಗ ಇಲ್ರಿ. ಇದ್ದಿದ್ರ ಖಂಡಿತ ಆಗತಿದ್ದಿಲ್ಲ. ನಾ ಕೊಡ್ತೇನಿ, ಮ್ಯಾಲ ಬರ್ರಿ" ಎಂದು ಸೊಂಟದ ಕೀಲಿ ತೆಗೆದಳು.

ಸಾಹೇಬರು ಮಾಳಿಗೆಯ ಕೋಣೆ, ಕಿಟಕಿ, ಅಡಿಗೆಮನೆ ಎಲ್ಲ ನೋಡಿ, ಅತಿಥಿಯ ಕಡೆ ತಿರುಗಿದರು. "ನೀವು ಹೇಳಿ. ನಮ್ಮವರ ಕಣ್ಣಿಗೆ ಹೇಗೆ ಕಾಣುತ್ತದೆ? ನೀವು ಹೂಂ ಅಂದರೆ ಹಿಡಿದುಬಿಡುತ್ತೇನೆ."

ಪರಮೇಶಪ್ಪನಿಗೆ ಹೇಳಬೇಕಾದ ಮಾತು ಹೊಟ್ಟೆ ತುಂಬ ಇತ್ತು. ನಾಲಿಗೆಯ ಮೇಲೆ ಕೊಂಕಣಿ ಎರಡೇ ತುಣುಕು, ಅದರಲ್ಲೊಂದು ಮೀನು. ಸರೋಜವ್ವ ಮೊದಲ ಸಲ ಅವನನ್ನು ದಿಟ್ಟಿಸಿ ನೋಡಿದಳು.

"ಬರೆಂ ಆಸಾ" ಎಂದ ಪರಮೇಶಪ್ಪ.

ಮಾತು ಮುಗಿಯಿತು. ಸಾಹೇಬರು ಚಹಾ ಕುಡಿಯುತ್ತ, ಅತಿಥಿ ಊರಿಗೆ ಯಾವಾಗ ಹೊರಡುವುದೆಂದು ಕೇಳಿದರು. ಅತಿಥಿಯನ್ನು ಬೇಗ ಸಾಗಹಾಕಿದರೆ ಒಳ್ಳೆಯದೆಂದು ಇಜಾಜ ಅವಸರದಿಂದ, "ನಾಳೆ ಮುಂಜಾನೇನ ಹೋಗ್ತಾರ್ರಿ" ಎಂದ.

"ದೇವರೇ ಕಳಿಸಿದ ಹಾಗಾಯಿತು! ಕಾರವಾರದ ತನಕ ನಾನೂ ಬರುತ್ತೇನೆ. ಹೆಂಡತಿಯನ್ನು ಕರೆದುಕೊಂಡು ಸಾಮಾನು ತರಬೇಕು. ಮುಂಜಾನೆ ಇಲ್ಲಿಗೇ ಬರುತ್ತೇನೆ. ಅಷ್ಟೊತ್ತಿಗೆ ಮನೆಯ ಮಾಲಕರೂ ಬಂದಿರಲಿ ಅಮ್ಮಾ, ಅವರನ್ನು ಕಾಣದೆ ಮನೆ ಹಿಡಿದರೆ ಚೆನ್ನಾಗಿರುವುದಿಲ್ಲ. ನಾವು ಮೂವರೂ ಕೂತು ಒಂದಿಷ್ಟು ಮಾತಾಡಿಯೇ ಹೊರಡೋಣ." ಮೆಟ್ಟಿಲು ಇಳಿಯುವಾಗ ಪರಮೇಶಪ್ಪನ ಹೆಗಲ ಮೇಲೆ ಕೈಯಿಟ್ಟು, "ಮತ್ತೆ ಬಂದಾಗ ಗಾಡಿ ಇಲ್ಲೇ ನನ್ನ ಕಣ್ಣ ಮುಂದೆ ನಿಲ್ಲಿಸಿ. ಒಂದು ಮಾತು, ವರ್ಷ ಮೀರಿ ಮಾತ್ರ ಬಿಡಬೇಡಿ. ನನ್ನ ಅಪ್ಪನ ಗಾಡಿಯಾದರೂ ನಾನು ಎತ್ತಿಕೊಂಡು ಹೋಗುವವನೇ" ಎಂದರು.

ಇಜಾಜ ಅವರನ್ನು ಬುಲೆಟ್ಟಿನ ತನಕ ಬಿಡಲು ಮೊಪೆಡ್ಡು ಹತ್ತಿಸಿಕೊಂಡು ಹೋದ. ಮಹಾದೇವಕ್ಕ ಓಣಿಗೆಲ್ಲ ಸುದ್ದಿ ಹೇಳಲು ಹೊರಟಳು. ಪರಮೇಶಪ್ಪ ತೆಂಗಿನ ಮರದ ಅಂಗಿಯಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಸರೋಜವ್ವ ಜೋಳದ ಹಿಟ್ಟಿನ ಬುಟ್ಟಿ ಹಿಡಿದುಕೊಂಡು ಹೊರಗೆ ಬಂದಳು.

"ಏನ್ರಿ, ನಾಳೆ ಮಾಲಕರಾಗಿ ಸಾಹೇಬ್ರಿಗೆ ಕೀಲಿ ಕೊಡ್ತೀರೋ, ಗೋವಾದವರಾಗಿ ಅವರನ್ನ ಕರಕೊಂಡು ಹೋಗ್ತೀರೋ? ಈಗ ಹೇಳಿಬಿಡ್ರಿ. ಬುತ್ತಿ ಯಾರಿಗೆ ಕಟ್ಟಬೇಕು ಅನ್ನೂದರ ನನಗ ಗೊತ್ತಾಗಬೇಕಲ್ಲ."