ಗುರುವಾರದ ನಕಲಿ ಕಾರು

“ದಂಡ ಕಟ್ಟೋ ದಂಡಪಿಂಡ ನಾನಲ್ಲ! ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ರೂ ಸರಿ, ಈ ಕಂಪನಿಗೆ ನನ್ನ ಜೇಬಿನಿಂದ ಒಂದು ಪೆನ್ನಿ ಹುಟ್ಟಲ್ಲ!”

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಎಡಗೈಯಲ್ಲಿ ಪತ್ರ, ಬಲಗೈಯಲ್ಲಿ ಅರ್ಧ ತಿಂದ ಟೋಸ್ಟು ಹಿಡಿದು, ಅಡುಗೆಮನೆಯ ನಟ್ಟನಡುವೆ ನಿಂತು ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು. ಸೂರ್ಯನನ್ನು ಸಾಕ್ಷಿಗೆ ಕರೆದದ್ದು ಕೊಂಚ ಅವಿವೇಕವೇ ಆಯಿತು. ಕಡಲತಡಿಯ ನಮ್ಮ ಗ್ರಿಮ್ಸ್‌ಬಿಯಲ್ಲಿ ಆ ತಿಂಗಳು ಸೂರ್ಯ ಯಾವ ದಿಕ್ಕಿನಲ್ಲೂ ಹುಟ್ಟಿರಲಿಲ್ಲ. ಬೆಳಗಾಗುವುದೆಂದರೆ ಕಪ್ಪು ಮೋಡ ಬೂದು ಮೋಡವಾಗುವುದು, ಅಷ್ಟೇ.

ನನ್ನ ಹೆಸರು ಮಾಲ್ಕಮ್ ಹೆಬ್ಡನ್. ಪುರಸಭೆಯ ತೂಕ-ಅಳತೆ ವಿಭಾಗದಲ್ಲಿ ಮೂವತ್ತೆಂಟು ವರ್ಷ ಇನ್ಸ್‌ಪೆಕ್ಟರಾಗಿದ್ದವನು. ಸಾಸೇಜಿನಲ್ಲಿ ಹನ್ನೆರಡು ಗ್ರಾಂ ಕಡಿಮೆಯಿದ್ದರೆ ಅಂಗಡಿಯ ಬಾಗಿಲಲ್ಲೇ ನನಗೆ ವಾಸನೆ ಬಡಿಯುತ್ತಿತ್ತು. ನಾನು ಒಳಗೆ ಕಾಲಿಟ್ಟರೆ ಪಬ್ಬಿನವರ ಬಿಯರ್ ಗ್ಲಾಸಿನ ನೊರೆ ತಾನೇ ಇಳಿಯುತ್ತಿತ್ತು! ಇಂಥ ನಾನು ಜನವರಿಯಲ್ಲಿ ನಿವೃತ್ತನಾದೆ. ಅದೇ ಜನವರಿಯಲ್ಲಿ ನಮ್ಮತ್ತೆ, ಅಂದರೆ ನನ್ನ ಹೆಂಡತಿ ಗ್ಲೆನಿಸಳ ತಾಯಿ ಎಡಿತ್, ಒಂಬತ್ತು ವರ್ಷ ನಮ್ಮ ಹಿಂಬದಿ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದವರು, ತೀರಿಕೊಂಡರು. ಒಬ್ಬರು ಖಾಲಿ ಮಾಡಿದ ಮನೆಯನ್ನು ಇನ್ನೊಬ್ಬ ತುಂಬಿದನಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡೆ. ಗ್ಲೆನಿಸ್ ಏನು ಪಟ್ಟುಕೊಂಡಳೋ, ಕೇಳುವುದು ಮರೆತಿದ್ದೆ.

ಪತ್ರ ಬಂದದ್ದು ಊರಾಚೆಯ ಅಂಗಡಿ ಸಾಲಿನ ಪಾರ್ಕಿಂಗ್ ಜಾಗ ನೋಡಿಕೊಳ್ಳುವ ಒಂದು ಖಾಸಗಿ ಕಂಪನಿಯಿಂದ. ಹೆಸರು ಹೇಳುವುದಿಲ್ಲ, ನನ್ನೊಡನೆ ಮತ್ತೆ ಪತ್ರವ್ಯವಹಾರ ನಡೆಸುವ ಶಕ್ತಿ ಅವರಲ್ಲೂ ಉಳಿದಿರಲಾರದು. “ನಿಮ್ಮ ಕಾರು ಕಳೆದ ಗುರುವಾರ ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಒಳಬಂದು, ಹನ್ನೆರಡು ನಲವತ್ನಾಲ್ಕಕ್ಕೆ ಹೊರಹೋಗಿದೆ. ಎರಡು ಗಂಟೆ ಉಚಿತ. ಹೆಚ್ಚಾದ ನಲವತ್ತು ನಿಮಿಷಕ್ಕೆ ನೂರು ಪೌಂಡು. ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರವತ್ತು.” ಕೆಳಗೆ ನಂಬರ್ ಪ್ಲೇಟಿನ ಒಂದು ಮಸುಕು ಫೋಟೋ.

ಪಾತ್ರೆ ತೊಳೆಯುತ್ತಿದ್ದ ಗ್ಲೆನಿಸ್ ತಿರುಗಿಯೂ ನೋಡಲಿಲ್ಲ. “ಅರವತ್ತು ಕೊಟ್ಟು ಕೈ ತೊಳ್ಕೋ ಮಾಲ್ಕಮ್.”

“ಮಾಡದ ತಪ್ಪಿಗೆ ಕೈ ತೊಳೀಬೇಕಾ? ಗುರುವಾರ ನಾನೆಲ್ಲಿದ್ದೆ? ತರಕಾರಿ ತೋಟದಲ್ಲಿ! ಹೋಗಿದ್ದು ಹೇಗೆ? ಸೈಕಲ್ ಮೇಲೆ! ಕಾರು ಎಲ್ಲಿತ್ತು? ಮನೆ ಮುಂದೆ!”

“ಮಾಲ್ಕಮ್, ಆ ಗುರುವಾರ...”

“ಆ ಗುರುವಾರ ನೀನು ಚರ್ಚಿನ ಹೆಣಿಗೆ ಗುಂಪಿಗೆ ಹೋಗಿದ್ದೆ, ಗೊತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಅದನ್ನೇ ಹೇಳೋಕೆ...”

“ಹೇಳೋದೇನಿದೆ! ಇದು ಪೊಲೀಸರ ದಂಡ ಅಲ್ಲ ಕಣೇ, ಬರೀ ಕಂಪನಿ ಬಿಲ್ಲು! ನಾನು ಹೋರಾಡ್ತೀನಿ!”

ಗ್ಲೆನಿಸ್ ನಲ್ಲಿಯನ್ನು ಜೋರಾಗಿ ಬಿಟ್ಟಳು. ನನ್ನ ವೀರಾವೇಶಕ್ಕೆ ಹಿನ್ನೆಲೆ ಸಂಗೀತ ಎಂದುಕೊಂಡೆ.

ನಮ್ಮ ಮನೆಯಲ್ಲಿ ಕಾರು ಓಡಿಸುವವನು ನಾನೊಬ್ಬನೇ. ಗ್ಲೆನಿಸಳ ಬಳಿಯೂ ಲೈಸೆನ್ಸ್ ಇದೆ. ಆದರೆ ಎಂಟು ವರ್ಷದ ಹಿಂದೆ ಅವಳು ಓಡಿಸುವಾಗ ಪಕ್ಕದಲ್ಲಿ ಕೂತು ನಾನು ನಲವತ್ತೇಳು ಸಲಹೆ ಕೊಟ್ಟೆ. ನಲವತ್ತೆಂಟನೆಯದಕ್ಕೆ ಅವಳು ಕಾರನ್ನು ಬದಿಗೆ ನಿಲ್ಲಿಸಿ, ಕೀ ನನ್ನ ಮಡಿಲಿಗೆ ಹಾಕಿ, ಬಸ್ಸು ಹತ್ತಿ ಮನೆಗೆ ಬಂದಳು. ಅಂದಿನಿಂದ ಸ್ಟೀರಿಂಗ್ ಮುಟ್ಟಿದ್ದನ್ನು ನಾನು ನೋಡಿಲ್ಲ. ಹಾಗಾಗಿ ಅವಳ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಹೆಂಡತಿಯ ಬಗ್ಗೆ ಎಷ್ಟು ನಂಬಿಕೆ ನೋಡಿ!

ಬೇಲಿಯಾಚೆಯ ಡೆಸ್ಮಂಡನಿಗೆ ಪತ್ರ ತೋರಿಸಿದೆ. ಮೀನು ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಹರಾಜು ಕೂಗಿದವನು, ಅವನ ಪಿಸುಮಾತೂ ಮೂರು ಮನೆಗೆ ಕೇಳುತ್ತದೆ.

“ನಕಲಿ ಕಾರು ಕಣೋ ಇದು!” ಎಂದ. “ನಿನ್ನ ಕಾರಿನಂಥದೇ ಇನ್ನೊಂದು ಕಾರು ತಗೋತಾರೆ. ನಿನ್ನ ನಂಬರನ್ನೇ ಹಚ್ಚಿಸ್ತಾರೆ. ಅವರು ಮಜಾ ಮಾಡ್ತಾರೆ, ಬಿಲ್ಲು ನಿನಗೆ!”

ನನಗೆ ರೋಮಾಂಚನವಾಯಿತು. ಎರಡು ತಿಂಗಳಿಂದ ಮನೆಯಲ್ಲಿ ಅಕ್ಕಿಯ ಪೊಟ್ಟಣ, ಸೋಪಿನ ಪುಡಿ ತೂಗಿ ದಿನ ಕಳೆಯುತ್ತಿದ್ದವನಿಗೆ ಒಮ್ಮೆಲೇ ಒಂದು ಅಪರಾಧಿ ಜಾಲ! ಅತ್ತೆಯ ಕೋಣೆಯಲ್ಲಿ ಮೇಜು ಹಾಕಿದೆ. ಅವರ ಮಂಚವಿದ್ದ ಜಾಗದಲ್ಲಿ ನನ್ನ ಫೈಲುಗಳ ಪೆಟ್ಟಿಗೆಗಳು ಬಂದವು. ಗ್ಲೆನಿಸ್ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ ಹೋದಳು. ವ್ಯವಸ್ಥೆ ಮೆಚ್ಚಿರಬೇಕು ಎಂದುಕೊಂಡೆ.

ಮೊದಲ ಪತ್ರ ನಾಲ್ಕು ಪುಟ. ಕಂಪನಿಯ ಉತ್ತರ ಎರಡು ಸಾಲು: ನಿಮ್ಮ ಆಕ್ಷೇಪಣೆ ತಿರಸ್ಕೃತ. ಎರಡನೆಯ ಪತ್ರ ಒಂಬತ್ತು ಪುಟ, ಜೊತೆಗೆ ಸಾಕ್ಷಿಯಾಗಿ ಆ ಗುರುವಾರ ನಾನು ನೆಟ್ಟ ಈರುಳ್ಳಿ ಸಾಲಿನ ಫೋಟೋ. ಉತ್ತರ ಒಂದು ಸಾಲು. ನಾನು ಬೆಳೆದಷ್ಟೂ ಅವರು ಕುಗ್ಗುತ್ತಿದ್ದಾರೆ, ಮೂರನೆಯ ಪತ್ರಕ್ಕೆ ಮಾಯವೇ ಆಗುತ್ತಾರೆ ಎಂದು ಹಿಗ್ಗಿದೆ. ಅಷ್ಟರಲ್ಲಿ ಹದಿನಾಲ್ಕು ದಿನ ದಾಟಿ, ಅರವತ್ತು ಹೋಗಿ ನೂರಾಗಿತ್ತು.

“ನಾನೇ ಕಟ್ಬಿಡ್ತೀನಿ, ಆ ಪತ್ರ ಕೊಡು,” ಎಂದಳು ಗ್ಲೆನಿಸ್ ಒಂದು ಸಂಜೆ. ಅವಳ ಮುಖ ಈಚೆಗೆ ತೀರ ಇಳಿದುಹೋಗಿತ್ತು. ಮಂಕು ಹವೆಯ ಪರಿಣಾಮ ಎಂದು ನಾನು ಕಿತ್ತಳೆ ಹಣ್ಣು ತಂದಿಟ್ಟಿದ್ದೆ.

“ಕಟ್ಟಿದ್ರೆ ತಪ್ಪು ಒಪ್ಕೊಂಡ ಹಾಗೆ!”

“ಮಾಲ್ಕಮ್, ಒಂದೇ ಒಂದು ನಿಮಿಷ ನನ್ನ ಮಾತು...”

“ಒಂದು ನಿಮಿಷಾನೂ ಬಿಟ್ಕೊಡಲ್ಲ! ನಲವತ್ತು ನಿಮಿಷದ ಲೆಕ್ಕ ನಾನು ಚುಕ್ತಾ ಮಾಡೇ ಮಾಡ್ತೀನಿ!”

ಮರುದಿನ ಪೊಲೀಸ್ ಠಾಣೆಗೆ ಹೋದೆ. ಕಿಟಕಿಯಾಚೆ ಕೂತಿದ್ದ ಹೆಂಗಸು ತಾಳ್ಮೆಯಿಂದ ಎಲ್ಲ ಬರೆದುಕೊಂಡಳು.

“ಕಾರಿನ ಇನ್ನೊಂದು ಕೀ ಎಲ್ಲಿರುತ್ತೆ ಸಾರ್?”

“ಅಡುಗೆಮನೆ ಮೊಳೆಗೆ ನೇತಾಕಿರ್ತೀವಿ.”

“ಅದನ್ನ ಯಾರಾದ್ರೂ ತಗೋಬಹುದಾ?”

“ಛೆ! ಯಾರು ತಗೋತಾರೆ? ಮನೇಲಿ ನಾನು ಬಿಟ್ರೆ ನನ್ನ ಹೆಂಡತಿ ಒಬ್ಬಳೇ ಇರೋದು.”

ಅವಳು ಪೆನ್ನು ಕೆಳಗಿಟ್ಟಳು. “ಆಯ್ತು ಸಾರ್,” ಎಂದಳು, “ಮನೆಗೆ ಹೋಗಿ, ಮೇಡಮ್ ಜೊತೆ ಕೂತು ಒಂದು ಕಪ್ ಟೀ ಕುಡೀರಿ.” ಪೊಲೀಸರ ನಿಷ್ಕ್ರಿಯತೆ ಎಂಬ ತಲೆಬರಹ ಕೊಟ್ಟು ಇದನ್ನೂ ಫೈಲಿಗೆ ಸೇರಿಸಿದೆ.

ಸರಿ, ಸರ್ಕಾರ ಕೈಬಿಟ್ಟ ಮೇಲೆ ಪ್ರಜೆಯೇ ಇಳಿಯಬೇಕಲ್ಲ! ಕಳ್ಳ ಬಂದದ್ದು ಗುರುವಾರ. ಮತ್ತೆ ಬಂದರೆ ಗುರುವಾರವೇ ಬರುತ್ತಾನೆ. ಏಪ್ರಿಲ್ ಎರಡನೆಯ ಗುರುವಾರ, ಅವರೆ ಬಳ್ಳಿಗೆ ಕೋಲು ನೆಡಬೇಕು, ಮಧ್ಯಾಹ್ನ ಒಂದು ಗಂಟೆಯ ತನಕ ಬರುವುದಿಲ್ಲ ಎಂದು ಗ್ಲೆನಿಸಳಿಗೆ ಹೇಳಿ, ಕೊರಳಿಗೆ ದುರ್ಬೀನು ಹಾಕಿಕೊಂಡು ಸೈಕಲ್ ಹತ್ತಿ ಆ ಪಾರ್ಕಿಂಗ್ ಜಾಗ ಸೇರಿದೆ. ಡೆಸ್ಮಂಡ್ ಬಸ್ಸಿನಲ್ಲಿ ಬಂದು ಸೇರಿಕೊಂಡ. ಅಂಗಡಿಯ ತಳ್ಳುಗಾಡಿಗಳನ್ನು ನಿಲ್ಲಿಸುವ ಗೂಡಿನ ಹಿಂದೆ ಇಬ್ಬರೂ ಅಡಗಿ ಕೂತೆವು. ಮೇಲಿನಿಂದ ಜಿನುಗು ಮಳೆ, ಸಮುದ್ರದ ಕಡೆಯಿಂದ ಮೂಳೆ ಕೊರೆಯುವ ಗಾಳಿ. ಒಂದು ಕಡಲಹಕ್ಕಿ ಡೆಸ್ಮಂಡನ ಸ್ಯಾಂಡ್‌ವಿಚ್ ಹಾರಿಸಿಕೊಂಡು ಹೋಯಿತು.

ಹತ್ತು ಗಂಟೆ ಆರು ನಿಮಿಷ. ಒಂದು ನೀಲಿ ಕಾರು ಒಳಗೆ ಬಂತು!

“ಬಂದ! ನಂಬರ್ ನೋಡು, ನಂದೇ!” ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡೆ. “ಅಬ್ಬಾ, ಕಳ್ಳರ ಕೈಚಳಕವೇ! ಎಡಬಾಗಿಲಿನ ತಗ್ಗು ನೋಡು ಡೆಸ್ಮಂಡ್! ನಾನು ನಮ್ಮ ಗೇಟಿಗೆ ಗುದ್ದಿ ಮಾಡಿದ ತಗ್ಗು! ಅದನ್ನೂ ಅಳತೆ ತಗೊಂಡು ಗುದ್ದಿದ್ದಾರೆ!”

ಡೆಸ್ಮಂಡ್ ಕಾರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಹಿಂದಿನ ಸೀಟಲ್ಲಿ ಹಳದಿ ಹೊದಿಕೆ! ನಮ್ಮತ್ತೆ ಹೆಣೆದಿದ್ದರಲ್ಲ, ಅಂಥದ್ದೇ! ಇಷ್ಟು ಶ್ರದ್ಧೆ ಸರ್ಕಾರಿ ನೌಕರರಲ್ಲಿ ಇದ್ದಿದ್ರೆ ದೇಶ ಎಲ್ಲಿರ್ತಿತ್ತು ಹೇಳು!”

“ಮಾಲ್ಕಮ್...” ಡೆಸ್ಮಂಡನ ದನಿ ಹಿಂದೆಂದೂ ಅಷ್ಟು ಮೆತ್ತಗಾದದ್ದು ನಾನು ಕೇಳಿರಲಿಲ್ಲ. “ನಾನು ಮನೆಗೆ ಹೋಗ್ತೀನಿ ಕಣೋ. ನೀನೂ ಬಾ.”

“ಹೇಡಿ!” ಎಂದೆ. ಅವನು ನನ್ನ ಹೆಗಲು ತಟ್ಟಿ ಬಸ್ ನಿಲ್ದಾಣದ ಕಡೆ ನಡೆದ.

ಕಾರು ದೂರದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತು. ಯಾರೂ ಇಳಿಯಲಿಲ್ಲ. ನಾನು ನಡು ಬಗ್ಗಿಸಿ, ಕಾರುಗಳ ಸಂದಿಯಲ್ಲಿ ತೆವಳಿ, ಅರವತ್ತಾರನೆಯ ವಯಸ್ಸಿನಲ್ಲಿ ಮಂಡಿ ತರಚಿಕೊಂಡು, ಅದರ ಬಳಿ ತಲುಪಿದೆ. ಗಾಜೆಲ್ಲ ಒಳಗಿನ ಉಸಿರಿಗೆ ಮಂಜಾಗಿತ್ತು. ಎದ್ದು ನಿಂತು ಎರಡೂ ಮುಷ್ಟಿಯಿಂದ ಗುದ್ದಿದೆ.

“ಸಿಕ್ಕಿಬಿದ್ದೆ ಕಳ್ಳ ನನ್ಮಗನೇ! ಇಳಿ ಕೆಳಗೆ!”

ಗಾಜು ನಿಧಾನವಾಗಿ ಕೆಳಗಿಳಿಯಿತು. ಒಳಗೆ ಗ್ಲೆನಿಸ್ ಕೂತಿದ್ದಳು. ಕೈಯಲ್ಲಿ ಫ್ಲಾಸ್ಕಿನ ಮುಚ್ಚಳದ ತುಂಬ ಟೀ. ಕಣ್ಣು ಕೆಂಪಗೆ, ಮೂಗು ಅದಕ್ಕಿಂತ ಕೆಂಪಗೆ.

“ಕೂಗಬೇಡ ಮಾಲ್ಕಮ್,” ಎಂದಳು. “ಒಳಗೆ ಬಾ. ನೆನೀತಿದ್ದೀಯ.”

ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತೆ. ದುರ್ಬೀನಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ನೀನು... ಇಲ್ಲಿ ಏನ್ ಮಾಡ್ತಿದ್ದೀಯ?”

“ಅಳ್ತಿದ್ದೆ.”

“ಯಾಕೆ?”

“ನಮ್ಮಮ್ಮ ಸತ್ತಿದ್ದಾಳೆ, ಮಾಲ್ಕಮ್.”

“ಅದು ಜನವರಿಯಲ್ಲಲ್ವಾ!”

ಆಡಿಬಿಟ್ಟೆ. ಮೂವತ್ತೆಂಟು ವರ್ಷ ಊರಿನವರ ತಕ್ಕಡಿ ಪರೀಕ್ಷಿಸಿದವನ ಬಾಯಿಂದ ಬಂದ ಆ ಮಾತಿಗೆ ಒಂದು ಗ್ರಾಂ ತೂಕವಿರಲಿಲ್ಲ. ಗ್ಲೆನಿಸ್ ಸಿಟ್ಟಾಗಲಿಲ್ಲ. ಎದುರಿನ ಗೋಡೆ ನೋಡುತ್ತಾ ಹೇಳಿದಳು.

“ಮನೇಲಿ ಎಲ್ಲಿ ಅಳ್ಲಿ? ಅಡುಗೆಮನೇಲಿ ಕಣ್ಣೊರೆಸ್ಕೊಂಡ್ರೆ, ಈರುಳ್ಳಿ ಹಚ್ಚೋದು ಹಾಗಲ್ಲ ಅಂತ ಚಾಕು ಕಿತ್ಕೋತೀಯ. ಬಚ್ಚಲಿಗೆ ಹೋದ್ರೆ, ಬಾಗಿಲ ಹೊರಗೆ ನಿಂತು ನಲ್ಲಿ ಸೋರ್ತಿದೆಯಾ ಅಂತ ಕೂಗ್ತೀಯ. ಅಮ್ಮನ ಕೋಣೇಲಿ ಕೂತ್ಕೊಳ್ಳೋಣ ಅಂದ್ರೆ ನಿನ್ನ ಪೆಟ್ಟಿಗೆಗಳು.”

“ಗುರುವಾರ ನಾನು ಇರಲ್ವಲ್ಲ. ಮನೆ ಖಾಲಿ ಇರುತ್ತಲ್ಲ.”

“ಖಾಲಿ ಇದ್ರೆ ಇನ್ನೂ ಕಷ್ಟ. ಒಂಬತ್ತು ವರ್ಷ ಆ ಕೋಣೆಯಿಂದ ಕರೆದಿದ್ದಾಳೆ. ಇವತ್ತಿಗೂ ಕಿವಿ ಅತ್ಲಾಗೇ ಇರುತ್ತೆ. ಇಲ್ಲಿ ನನ್ನ ಯಾರೂ ಕರೆಯಲ್ಲ. ಎರಡು ಗಂಟೆ, ಪುಕ್ಕಟೆ.”

“ಮತ್ತೆ ಆವತ್ತಿನ ನಲವತ್ತು ನಿಮಿಷ?”

“ನಿದ್ದೆ ಬಂತು. ಯಾರೂ ಎಬ್ಬಿಸದ ನಿದ್ದೆ. ಅರವತ್ತು ಪೌಂಡು ಅಂತ ನೀನು ಓದಿದಾಗ, ನಿಜ ಹೇಳ್ಲಾ, ಅಗ್ಗ ಅನ್ನಿಸ್ತು.”

ಗಾಜಿನ ಮೇಲೆ ಮಳೆ ಇಳಿಯುತ್ತಿತ್ತು. ಯಾರೋ ತಳ್ಳುಗಾಡಿಯನ್ನು ಗಡಗಡ ಎಳೆದುಕೊಂಡು ಹೋದರು.

“ಮೊದಲೇ ಹೇಳಬಾರ್ದಿತ್ತಾ?” ಎಂದೆ ಕೊನೆಗೆ.

“ಎಷ್ಟು ಸಲ ಬಾಯಿ ತೆಗೆದೆ! ಒಂದ್ಸಲನಾದ್ರೂ ಪೂರ್ತಿ ಕೇಳಿದ್ಯಾ?”

ಅದಕ್ಕೆ ನನ್ನ ಬಳಿ ಸೊಗಸಾದ ಉತ್ತರವಿತ್ತು. ಮೂರು ಅಂಶಗಳಲ್ಲಿ ಹೇಳಬಹುದಾದಂಥದ್ದು. ಬಾಯಿ ತೆರೆದೆ. ಗ್ಲೆನಿಸ್ ನನ್ನ ಕಡೆ ನೋಡಿದಳು. ಮುಚ್ಚಿದೆ. ಅವಳು ತನ್ನ ಟೀಯಲ್ಲಿ ಅರ್ಧ ನನಗೆ ಕೊಟ್ಟಳು. ಸಕ್ಕರೆ ಕಡಿಮೆಯಿತ್ತು. ಹೇಳಲಿಲ್ಲ. ಅವತ್ತು ನಾವಿಬ್ಬರೂ ಹನ್ನೆರಡಕ್ಕೆ ಎರಡು ನಿಮಿಷ ಇರುವ ತನಕ ಹಾಗೇ ಕೂತಿದ್ದೆವು. ಅವಳು ನಡುವೆ ಮತ್ತೊಮ್ಮೆ ಅತ್ತಳು. ನನಗೂ ಅತ್ತೆ ನೆನಪಾದರು. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದ ಅವರಿಗೆ ಯಾವ ಬಿಸ್ಕತ್ತು ಇಷ್ಟ ಎಂಬುದು ನನಗೆ ಗೊತ್ತಿರಲಿಲ್ಲ. ಕೇಳಿದೆ. ಶುಂಠಿಯದು, ಎಂದಳು.

ಮರುದಿನ ನೂರು ಪೌಂಡು ಕಟ್ಟಿದೆ. ಠಾಣೆಗೆ ಹೋಗಿ ದೂರು ಹಿಂತೆಗೆದುಕೊಂಡೆ. “ಟೀ ಕುಡಿದ್ರಾ ಸಾರ್?” ಎಂದಳು ಆ ಹೆಂಗಸು. “ಅರ್ಧ ಮುಚ್ಚಳ,” ಎಂದೆ. ಅತ್ತೆಯ ಕೋಣೆಯಿಂದ ನನ್ನ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ಅಟ್ಟಕ್ಕೆ ಹಾಕಿದೆ. ಕಿಟಕಿಯ ಬಳಿ ಒಂದು ಕುರ್ಚಿ ಇಟ್ಟೆ.

ಮುಂದಿನ ಗುರುವಾರ ಬೆಳಿಗ್ಗೆ ಗ್ಲೆನಿಸ್ ಕೋಟು ಹಾಕಿಕೊಂಡು ಮೊಳೆಯಿಂದ ರಾಜಾರೋಷವಾಗಿ ಕೀ ತೆಗೆದುಕೊಂಡಳು. ಬಾಗಿಲಲ್ಲಿ ನಿಂತು, “ನೀನೂ ಬರ್ತೀಯಾ?” ಎಂದಳು.

ನಾನು ಕೋಟಿಗೆ ಕೈ ಚಾಚಿದೆ. “ಬರ್ಲಾ?”

“ಬೇಡ ಬೇಡ. ಸುಮ್ನೆ ಉಪಚಾರಕ್ಕೆ ಕೇಳ್ದೆ.”

ಕಾರು ಹೋಯಿತು. ಹೊರಗೆ ಮಳೆ ಜೋರಾಗಿದ್ದರಿಂದ ತೋಟಕ್ಕೂ ಹೋಗುವಂತಿರಲಿಲ್ಲ. ಆ ಕುರ್ಚಿಯ ಮೇಲೆ ಹೋಗಿ ಕೂತೆ. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಏನೂ ಇಲ್ಲ. ಅವಳು ಹೇಳಿದ್ದು ನಿಜ, ಆ ಕೋಣೆಯಲ್ಲಿ ಯಾರೋ ಈಗ ಕರೆಯುತ್ತಾರೆ ಅನ್ನಿಸುತ್ತದೆ. ಹನ್ನೊಂದು ನಿಮಿಷ ತಡೆದೆ. ಆಮೇಲೆ ಯಾರೊಡನಾದರೂ ನಾಲ್ಕು ಮಾತಾಡದಿದ್ದರೆ ಪ್ರಾಣ ಹೋಗುತ್ತದೆ ಅನ್ನಿಸಿ, ಚಪ್ಪಲಿಯಲ್ಲೇ ಓಡಿ ಡೆಸ್ಮಂಡನ ಬಾಗಿಲು ತಟ್ಟಿದೆ.

ಅವನ ಹೆಂಡತಿ ಲೋರೇನ್ ಬಾಗಿಲನ್ನು ಒಂದು ಗೇಣು ತೆರೆದಳು. “ಅಯ್ಯೋ, ಡೆಸ್ಮಂಡ್ ಮನೇಲಿಲ್ಲ ಮಾಲ್ಕಮ್.”

“ಪರವಾಗಿಲ್ಲ,” ಎಂದು ತಿರುಗಿದೆ. ಬಾಗಿಲು ಮುಚ್ಚಿತು. ಮೂರು ಮನೆಗೆ ಕೇಳುವ ಪಿಸುಮಾತೊಂದು ಒಳಗಿನಿಂದ ತೇಲಿ ಬಂತು:

“ಹೋದ್ನಾ?”