ಚಾರ್ಜ್ ನಿಲ್ಲದ ಬೈಕು

ಸ್ವಿಚ್ ಒತ್ತಿದರೆ ಅನಂತರಾಜುವಿನ ಬೈಕು 'ಟಿಕ್' ಎಂದಿತು, ಅಷ್ಟೇ. ಕಿಕ್ಕರ್ ಇಲ್ಲದ ಹೊಸ ಮಾದರಿಯ ಗಾಡಿ. ಬ್ಯಾಟರಿ ಕೈಕೊಟ್ಟರೆ ಮಲಗಿದ ಎಮ್ಮೆಯಂತೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಈ ವಾರದಲ್ಲಿ ಇದು ಮೂರನೆಯ ಸಲ. ಹಾರೋಹಳ್ಳಿ ಫ್ಯಾಕ್ಟರಿಯ ಸೂಪರ್‌ವೈಸರ್ ನಿನ್ನೆಯೇ ಹೇಳಿದ್ದ: "ಇನ್ನೊಂದ್ಸಲ ಲೇಟಾದ್ರೆ ನೈಟ್ ಶಿಫ್ಟಿಗೆ ಹಾಕ್ತೀನಿ." ಅನಂತರಾಜುವಿಗೆ ನಿದ್ದೆಯೆಂದರೆ ಪ್ರಾಣ. ಮಲಗಿದನೆಂದರೆ ತಲೆಯ ಮೇಲೆ ಹೆಂಚು ಬಿದ್ದರೂ ಏಳುವ ಪೈಕಿಯಲ್ಲ.

ಗ್ರಾಮಸಭೆಗೆ ಕರೆದರೂ ಬಾರದ ಬೀದಿ ಕೆಟ್ಟ ಬೈಕಿಗೆ ಕರೆಯದೆಯೇ ಬಂದು ನಿಂತಿತು. ಪಂಚಾಯಿತಿಯ ನೀರಿನ ಮೋಟಾರು ಆನ್-ಆಫ್ ಮಾಡುವ ಚೆಲುವಯ್ಯ ಎಲ್ಲರಿಗಿಂತ ಮುಂದಿದ್ದ. ಕರೆಂಟಿನ ಸಕಲ ವಿದ್ಯೆಯೂ ಆ ಒಂದು ಸ್ವಿಚ್ಚಿನಿಂದಲೇ ತನಗೆ ಒಲಿದಿದೆ ಎಂಬುದು ಅವನ ನಂಬಿಕೆ.

"ಚಾರ್ಜ್ ಮಾಡೋ ಕಾಯಿಲ್ ಹೋಗೈತೆ ಕಣ್ಲಾ" ಎಂದ, ಬೈಕನ್ನು ಮುಟ್ಟದೆಯೇ.

"ನನ್ ಟ್ರ್ಯಾಕ್ಟರಿಗೂ ಹಿಂಗೇ ಆಗಿತ್ತು" ಎಂದ ಎದುರು ಮನೆಯ ಮುನಿಯಪ್ಪ.

"ಏನ್ ಮಾಡಿದ್ರಿ?" ಎಂದು ಅನಂತರಾಜು ಆಸೆಯಿಂದ ಕೇಳಿದ.

"ಮಾರ್ಬುಟ್ಟೆ."

ಅಷ್ಟರಲ್ಲಿ ಹುಳದ ಮನೆಯಿಂದ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹಿಡಿದು ಹೆಂಡತಿ ಲತಾಮಣಿ ಹೊರಬಂದಳು. ರೇಷ್ಮೆ ಹುಳಗಳು ಹಗಲೂ ರಾತ್ರಿ ತಿನ್ನುವ ಕಾಲ. ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಪಗಿದ್ದವು.

"ಏನೂಂದ್ರೆ, ಆ ಬ್ಯಾಟ್ರಿ ಐತಲ್ಲ, ರಾತ್ರಿ ಹೊತ್ತು..."

"ನೀನ್ ಸುಮ್ಕಿರವ್ವ, ಇದು ಕರೆಂಟಿನ ವಿಚಾರ. ಹೋಗಿ ಹುಳಕ್ಕೆ ಸೊಪ್ಪಾಕು" ಎಂದ ಚೆಲುವಯ್ಯ.

ಅನಂತರಾಜುವೂ "ಹೂಂ, ಆಮೇಲೆ ಹೇಳು" ಎಂದ. ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಎಲ್ಲರೂ ಸೇರಿ ಬೈಕನ್ನು ಮೆಕ್ಯಾನಿಕ್ ಪುನೀತನ ಅಂಗಡಿಗೆ ತಳ್ಳಿದರು. ತಳ್ಳಿದವನು ಅನಂತರಾಜು, ಉಳಿದವರು ದಾರಿಯುದ್ದಕ್ಕೂ ಸಲಹೆ ಕೊಟ್ಟರು. ಪುನೀತ್ ಬೇರೆ ಬ್ಯಾಟರಿಯಿಂದ ವೈರು ಕೊಟ್ಟು ಇಂಜಿನ್ ಎಬ್ಬಿಸಿ, ಮೀಟರ್ ಹಿಡಿದು ನೋಡಿದ.

"ಅಣ್ಣ, ಚಾರ್ಜಿಂಗ್ ಸರಿಯಾಗೈತೆ. ಹದಿನಾಲ್ಕು ವೋಲ್ಟ್ ಬತ್ತಾ ಐತೆ. ಗಾಡಿ ನಿಂತಾಗ ಎಲ್ಲೋ ಕರೆಂಟ್ ಸೋರ್ತಾ ಐತೆ. ರಾತ್ರಿ ಎಲ್ಲಿ ನಿಲ್ಲಿಸ್ತೀರಾ?"

"ಸೋರಕ್ಕೆ ಅದೇನ್ ಮಡಕೆಯೇನ್ಲಾ? ನಿನ್ ಮೀಟ್ರೇ ಕೆಟ್ಟೈತೆ. ಕಾಯಿಲ್ ಬಿಚ್ಚು!" ಎಂದು ಚೆಲುವಯ್ಯ ಗದರಿದ.

ಬಂದವರೆಲ್ಲ ಹೌದೌದೆಂದರು. ಪುನೀತ್ ಅನಂತರಾಜುವಿನ ಮುಖ ನೋಡಿದ, ಅನಂತರಾಜು ಚೆಲುವಯ್ಯನ ಮುಖ ನೋಡಿದ.

"ನಂಗೇನಣ್ಣ, ಬಿಚ್ಚು ಅಂದ್ರೆ ಬಿಚ್ತೀನಿ" ಎಂದು ಪುನೀತ್ ಸ್ಪ್ಯಾನರ್ ಎತ್ತಿಕೊಂಡ. ಕಾಯಿಲ್ ಹೊಸದಾಯಿತು. ಮುನಿಯಪ್ಪನ ಒತ್ತಾಯಕ್ಕೆ ರೆಕ್ಟಿಫೈಯರ್ ಹೊಸದಾಯಿತು. ಯಾರದೂ ಒತ್ತಾಯವಿಲ್ಲದೆ, ಬರೀ ಹೆದರಿಕೆಗೆ, ಬ್ಯಾಟರಿಯೂ ಹೊಸದಾಯಿತು.

ಫ್ಯಾಕ್ಟರಿ ಮುಟ್ಟುವಾಗ ಊಟದ ಗಂಟೆ ಹೊಡೆಯುತ್ತಿತ್ತು. ಸೂಪರ್‌ವೈಸರ್ ತಲೆಯನ್ನೂ ಎತ್ತಲಿಲ್ಲ. "ಇವತ್ತಿಂದ್ಲೇ ನೈಟು. ಮನೆಗೋಗಿ ಮಲ್ಕೊಂಡು ಸಾಯಂಕಾಲ ಬಾ."

ಅನಂತರಾಜು ಸೋತ ಮುಖ ಹೊತ್ತು ಮನೆಗೆ ಬಂದ. ಲತಾಮಣಿ ಬೈಕಿನ ಪಕ್ಕದ ಮುಚ್ಚಳ ತೆಗೆದಳು. ಹುಳದ ಮನೆಯ ಸೂರಿನಿಂದ ಇಳಿಬಿದ್ದಿದ್ದ ಎರಡು ವೈರುಗಳನ್ನು ಹೊಸ ಬ್ಯಾಟರಿಗೆ ಸಿಕ್ಕಿಸಿದಳು. ಒಳಗೆ ಎರಡು ಬಲ್ಬು ಝಗ್ಗನೆ ಹತ್ತಿದವು.

"ಇದ್ನೇ ಬೆಳಿಗ್ಗೆ ಹೇಳಕ್ಕೆ ಬಂದಿದ್ದು. ನೀವ್ ಮಲಗಿದ್ಮೇಲೆ ಸಿಕ್ಸಿ, ಬೆಳಿಗ್ಗೆ ಬಿಚ್ತಿದ್ದೆ. ರಾತ್ರಿ ಕರೆಂಟ್ ಹೋಯ್ತದೆ, ಸೊಪ್ಪಾಕಕ್ಕೆ ಒಸಿ ಬೆಳಕು ಬ್ಯಾಡ್ವಾ? ಹೊಂಗನೂರಲ್ಲಿ ನಮ್ಮಣ್ಣ ಟ್ರ್ಯಾಕ್ಟರ್ ಬ್ಯಾಟ್ರಿಗೆ ಹಾಕ್ಕೊತಾನೆ. ಬೈಕಿಗೆ ಹಾಕ್ಲಾ ಅಂತ ಹೋದ್ವಾರ ನಿಮ್ಮನ್ನ ಕೇಳ್ದೆ. ಮೊಬೈಲ್ ನೋಡ್ಕೊಂಡು ಹೂಂ ಅಂದ್ರಿ."

ಅನಂತರಾಜು ಜಗುಲಿಯ ಮೇಲೆ ಕುಸಿದ. "ಇವತ್ತಿಂದ ನಂಗೆ ನೈಟ್ ಶಿಫ್ಟು ಕಣೇ" ಎಂದ, ಅವಳಾದರೂ ಅಯ್ಯೋ ಎನ್ನಲಿ ಎಂದು.

"ಅಯ್ಯೋ!" ಎಂದಳು ಲತಾಮಣಿ ನಿಜಕ್ಕೂ ಗಾಬರಿಯಾಗಿ. "ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು! ಬೈಕ್ ತಗೊಂಡೋದ್ರೆ ಲೈಟಿಗೇನ್ ಮಾಡನ? ನೀವ್ ಬಸ್ಸಲ್ಲೋಗಿ."

ಸಂಜೆ ಅನಂತರಾಜು ಆಕಳಿಸುತ್ತ ಬಸ್ಸಿಗೆ ಕಾಯುತ್ತಿದ್ದಾಗ ಕರೆಂಟ್ ಹೋಯಿತು. ಇಡೀ ಊರಲ್ಲಿ ಅವನ ಹುಳದ ಮನೆಯೊಂದೇ ಬೆಳಗುತ್ತಿತ್ತು. ಆ ಬೆಳಕನ್ನು ಬೊಟ್ಟು ಮಾಡಿ ಚೆಲುವಯ್ಯ ಮುನಿಯಪ್ಪನಿಗೆ ಹೇಳುತ್ತಿದ್ದ:

"ನೋಡ್ದಾ? ಕಾಯಿಲ್ ಬದಲಾಯ್ಸಿದ್ದಕ್ಕೇ ಕಣ್ಲಾ ಅಷ್ಟು ಚಾರ್ಜು!"