ಮಗಳ ಮೂಗಿನ ಹಿಂದಿನ ಮಾಂಸ

ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಸಾಕು, ಉಳಿದವರ ಬುದ್ಧಿಯೆಲ್ಲ ಹೊರಬೀಳುತ್ತದೆ. ಐವತ್ತರ ದಶಕದಲ್ಲಿ ಬೊರಿವಲಿಯ ನಮ್ಮ ಚಾಳಿನ ಮನೆಯಲ್ಲಿ ಇದು ಆಗಾಗ ಆಗುತ್ತಲೇ ಇತ್ತು. ನನ್ನ ಎಂಟು ವರ್ಷದ ಮಗಳಿಗೆ ಸದಾ ಮೂಗು ಕಟ್ಟಿ ಬಾಯಿ ತೆರೆದೇ ಇರುತ್ತಿತ್ತು. ಕಿವಿಯೂ ಮಂದ. ನಾನು ಅತ್ತರೆ ಕೇಳುವವರಿರಲಿಲ್ಲ, ಅದಕ್ಕೇ ನಗುವುದನ್ನು ಕಲಿತೆ.

ಹಿಂದಿನ ಬೆಂಚು

ಶಾಲೆಯ ಮಾಸ್ತರರು ಮಗಳನ್ನು ಕಟ್ಟಕಡೆಯ ಬೆಂಚಿನಲ್ಲಿ ಕೂರಿಸಿದ್ದರು. ನಾನೇ ಹೋಗಿ, "ಆಕಿಗೆ ಕಿವಿ ಸರಿಯಾಗಿ ಕೇಳಸೂದಿಲ್ರಿ, ಮುಂದ ಕೂಡಸ್ರಿ" ಎಂದೆ.

"ಗೊತ್ತದ ತಾಯಿ, ಅದಕ್ಕ ಹಿಂದ ಕೂಡಸೇನಿ. ಮುಂದಿನ ಜಾಗಾ ಕೇಳಸೋ ಹುಡುಗರಿಗೆ ಬೇಕಲ್ಲ?"

ಮನೆತನದ ರೂಢಿ

ಗ್ರಾಂಟ್ ರೋಡಿನ ಡಾಕ್ಟರು ನಮ್ಮ ಬೆಳಗಾವಿ ಕಡೆಯವರೇ. ಮೂಗಿನ ಹಿಂದೆ ಅಡೆನಾಯ್ಡ್ ಎಂಬ ಮಾಂಸ ಬೆಳೆದು ಉಸಿರು, ಕಿವಿ ಎರಡನ್ನೂ ಕಟ್ಟಿದೆ, ತೆಗೆದರೆ ಚೆನ್ನಾಗಿ ಕೇಳಿಸೀತು ಎಂದರು. ಅತ್ತೆ ಒಪ್ಪಲಿಲ್ಲ. "ಬಾಯಿ ತೆರದು ಮಲಗೋದು ನಮ್ಮ ಮನೆತನದ ರೂಢಿ" ಎಂದರು. ಅವರ ಬಾಯಿ ಹಗಲು ಮುಚ್ಚಿದ್ದನ್ನೂ ನಾನು ಕಂಡಿರಲಿಲ್ಲ, ಹಾಗಾಗಿ ನಂಬಿದೆ. ನಮ್ಮ ಯಜಮಾನರು ಎಂದಿನಂತೆ ತಾಯಿಯ ಮುಖ ನೋಡಿದರು.

ಡಾಕ್ಟರು ಜಾಣರು. "ಹಿಂಗs ಬಿಟ್ರ ನಾಳೆ ವರ ಸಿಗೂದು ಕಷ್ಟ ನೋಡ್ರಿ" ಎಂದರು. ಮಗಳ ಕಿವಿಗಾಗಿ ಸಿಗದ ಒಪ್ಪಿಗೆ, ಎಲ್ಲಿದ್ದಾನೋ ಗೊತ್ತಿಲ್ಲದ ಅಳಿಯನಿಗಾಗಿ ಸಿಕ್ಕಿತು.

ಐಸ್‌ಕ್ರೀಮು

ಆಪರೇಷನ್ ಆಯಿತು. ಗಂಟಲಿಗೆ ತಂಪು, ಐಸ್‌ಕ್ರೀಮು ಕೊಡಿ ಎಂದರು ಡಾಕ್ಟರು. ಮಗಳು ಅದುವರೆಗೆ ಅದನ್ನು ತಿಂದವಳೇ ಅಲ್ಲ. ಆ ನೋವಿನಲ್ಲೂ ಬಾಗಿಲನ್ನೇ ನೋಡುತ್ತ ಮಲಗಿದ್ದಳು. ತರಲು ಹೋದ ಅತ್ತೆ ಸೆರಗಿನಲ್ಲಿ ಬಿಸಿ ಲೋಟ ಹಿಡಿದು ಬಂದರು. ಕೆಳಗಿನ ಉಡುಪಿ ಹೋಟೆಲಿನ ಒಲೆಯ ಮೇಲೆ ಇಡಿಸಿದ್ದರಂತೆ. ಮಗಳು ಲೋಟದೊಳಗೆ ಇಣುಕಿ ಅಳತೊಡಗಿದಳು.

"ಥಂಡಿ ಕೊಟ್ರ ಕೂಸಿಗೆ ನೆಗಡಿ ಆಗ್ತದ. ಅದಕ್ಕ ಕಾಸಿ ತಂದೇನಿ" ಎಂದರು ಅತ್ತೆ. "ಡಾಕ್ಟರ ಮಾತೂ ನಡೀತು, ನಮ್ಮದೂ ನಡೀತು."

ಕೇಳಿಸಿತು

ಗಾಯ ಮಾಯಿತು, ಕಿವಿ ತೆರೆಯಿತು. ಕಾಗೆ ಕೂಗಿದರೂ ಮಗಳು ಓಡಿ ಬಂದು ನನಗೆ ಹೇಳುತ್ತಿದ್ದಳು. ಡಾಕ್ಟರಿಗೆ ತೋರಿಸಲು ನಾನು, ಮಗಳು, ಅತ್ತೆ ಮೂವರೂ ಲೋಕಲ್ ರೈಲು ಹತ್ತಿದೆವು. ಅತ್ತೆ ಹಳೆಯ ಅಭ್ಯಾಸದಂತೆ ಪಕ್ಕದ ಹೆಂಗಸಿಗೆ ಗಟ್ಟಿಯಾಗಿಯೇ ಹೇಳಿದರು: "ಇದು ಶುದ್ಧ ದಡ್ಡ. ಯಾವನರೆ ಎರಡನೇ ಸಂಬಂಧದಾಂವ ಬಂದ್ರ ಕೊಟ್ಟು ಕೈ ತೊಳಕೋತೇವಿ."

ಮಗಳು ಕಿಟಕಿಯಿಂದ ತಿರುಗಿದಳು. "ಅಜ್ಜಿ, ನನಗ ಕೇಳಸ್ತದ. ನಾ ದಡ್ಡ ಅಲ್ಲ. ಅಂವ ಬಂದ್ರ ನೀನs ಮಾಡಿಕೋ."

ಡಬ್ಬಿಯ ಹೆಂಗಸರೆಲ್ಲ ನಕ್ಕರು. ನಾನು ಮಗಳನ್ನು ಹತ್ತಿರ ಎಳೆದುಕೊಂಡೆ. ಇಷ್ಟು ವರ್ಷ ಇಂಥ ಮಾತೆಲ್ಲ ಅವಳ ಎದುರಿಗೇ ನಡೆದಿತ್ತು. ಗ್ರಾಂಟ್ ರೋಡಿನಲ್ಲಿ ಇಳಿದು ಡಾಕ್ಟರ ಹತ್ತಿರ ಹೋದೆವು.

"ಈಗ ಹುಡುಗಿ ಕಿವಿ ಹೆಂಗದರಿ ಅಮ್ಮಾ?" ಎಂದರು ಡಾಕ್ಟರು.

"ಭಾಳ ಛಲೋ ಅದ, ಅದs ತ್ರಾಸ ಆಗೇದ" ಎಂದರು ಅತ್ತೆ. "ಆ ತಗದದ್ದು ಇನ್ನೂ ಒಗದಿಲ್ಲಂದ್ರ, ತಿರುಗಿ ಹಚ್ಚಿಬಿಡ್ರಿ."